ರೀಪು ಎಣಿಸುವ ಕೋಣೆ



ಇವತ್ತು ನಾನು ನಿಮ್ಮೊಡನೆ ಮಾತಾಡಲಿರುವುದು ಒಂದು ಗೋಡೆಯ ವಿಚಾರ. ಮಕ್ಕಳು ಮಲಗುವ ಕೋಣೆಯ ಒಂದು ಗೋಡೆಗೆ ಮರದ ಪಟ್ಟಿ ಕೂರಿಸಿ ಚಂದ ಮಾಡುವುದು ಹೇಗೆ ಎಂಬುದನ್ನು ಹೇಳಬೇಕೆಂದಿದ್ದೇನೆ. ನಾನು ಬಡಗಿಯಲ್ಲ. ಮೂವತ್ತು ವರ್ಷ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದವಳು. ಆದರೆ ಒಮ್ಮೆ ತಪ್ಪಾಗಿ, ಇನ್ನೊಮ್ಮೆ ಸರಿಯಾಗಿ ಈ ಕೆಲಸ ಮಾಡಿಸಿದ್ದೇನೆ. ಸರಿಯಾಗಿ ಮಾಡಿದ್ದಕ್ಕಿಂತ ತಪ್ಪಾಗಿ ಮಾಡಿದ್ದೇ ನಿಮಗೆ ಹೆಚ್ಚು ಉಪಯೋಗಕ್ಕೆ ಬಂದೀತು ಎಂದು ನನ್ನ ಅಂದಾಜು.

ಬದಿಯಡ್ಕದ ಕಡೆಯ ನಮ್ಮ ಹಳೆ ಮನೆ ಹೆಂಚಿನದು. ನಿಮ್ಮಲ್ಲಿ ಹಲವರ ಮನೆಯೂ ಹಾಗೆಯೇ ಇದ್ದೀತು. ಮುರಕಲ್ಲಿನ ಗೋಡೆ, ಮೇಲೆ ಪಕ್ಕಾಸು, ಪಕ್ಕಾಸಿನ ಮೇಲೆ ಅಡ್ಡಕ್ಕೆ ರೀಪು, ರೀಪಿನ ಮೇಲೆ ಹೆಂಚು. ಮಲಯಾಳದವರು ಪಕ್ಕಾಸಿಗೆ ಕಳುಕ್ಕೋಲು ಎನ್ನುತ್ತಾರೆ, ರೀಪಿಗೆ ಪಟ್ಟಿಕ ಎನ್ನುತ್ತಾರೆ. ನಮ್ಮ ರೀಪು ಎಂಬ ಮಾತು ಪೋರ್ಚುಗೀಸರಿಂದ ಬಂದದ್ದು ಎಂದು ತಿಳಿದವರು ಹೇಳುತ್ತಾರೆ. ನಮ್ಮ ಅಜ್ಜಂದಿರ ಕಾಲದ ಹೆಚ್ಚಿನ ಮನೆಗಳಿಗೆ ಮುಳಿಹುಲ್ಲೇ ಮಾಡು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ನಿಧಾನಕ್ಕೆ ಹೆಂಚು ನಮ್ಮ ಗುಡ್ಡಗಳನ್ನು ಹತ್ತಿತು. ಹುಲ್ಲಿನ ಮಾಡಿಗೆ ಬಿದಿರೋ ಅಡಿಕೆ ಸಲಾಕೆಯೋ ಹೇಗೆ ಕಟ್ಟಿದರೂ ನಡೆಯುತ್ತಿತ್ತು. ಹೆಂಚಿಗೆ ಹಾಗಲ್ಲ. ಅಚ್ಚಿನಲ್ಲಿ ಬಂದ ಹೆಂಚು ಒಂದರ ಮೇಲೊಂದು ಕೂರಬೇಕಾದರೆ ರೀಪುಗಳ ನಡುವಿನ ಅಂತರ ಸಮ ಇರಲೇಬೇಕು. ಹಾಗೆ ಸಮ ಅಂತರದ ಗೆರೆಗಳು ನಾವು ಮಲಗಿದಲ್ಲಿಂದ ಮೇಲೆ ಕಾಣುವ ನೋಟವಾದವು.

ನನ್ನ ಮೊಮ್ಮಗಳು, ನಮ್ಮ ಮನೆಮಾತಿನಲ್ಲಿ ಪುಳ್ಳಿ, ಹುಟ್ಟಿದ್ದು ಆ ಮನೆಯಲ್ಲಿ. ರಾತ್ರಿ ನನ್ನ ಪಕ್ಕದಲ್ಲಿ ಮಲಗಿ ಚಿಮಿಣಿಯಷ್ಟೇ ಬೆಳಕಿನ ಒಂದು ಸಣ್ಣ ಬಲ್ಬಿನಲ್ಲಿ ರೀಪು ಎಣಿಸುತ್ತಿದ್ದಳು. ಹದಿನಾಲ್ಕು, ಹದಿನೈದು ಎನ್ನುವಷ್ಟರಲ್ಲಿ ನಿದ್ದೆ. ಹದಿನೇಳನ್ನು ದಾಟಿದ್ದು ನನಗೆ ನೆನಪಿಲ್ಲ. 2022ರ ಬಿಸು ಕಳೆದ ಮೇಲೆ ಹಳೆ ಮನೆ ಕಳಚಿದೆವು. ಗೋಡೆ ಬಿರುಕು ಬಿಟ್ಟಿತ್ತು, ಬೇರೆ ದಾರಿ ಇರಲಿಲ್ಲ. ಮರುವರ್ಷ ಪತ್ತನಾಜೆಗೆ ಮೊದಲು ಹೊಸ ಮನೆಯ ಒಕ್ಕಲು. ಮೇಲೆ ಸಿಮೆಂಟಿನ ತಾರಸಿ. ಮಗುವಿಗೆಂದೇ ಒಂದು ಕೋಣೆ, ಹೊಸ ಮಂಚ, ಹೊಸ ಹಾಸಿಗೆ. ಮೊದಲ ರಾತ್ರಿ ಅವಳು ಅಲ್ಲಿ ಮಲಗಿದಳು, ಅರ್ಧ ಗಂಟೆ ಕಳೆದು ದಿಂಬು ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ಮಾರನೆಯ ರಾತ್ರಿಯೂ ಅದೇ. ಯಾಕೆ ಎಂದರೆ ಉತ್ತರ ಇಲ್ಲ. ಒಂದು ತಿಂಗಳು ಕಳೆದು ತಾನಾಗಿ ಹೇಳಿದಳು: “ಅಜ್ಜಿ, ಅಲ್ಲಿ ಮೇಲೆ ಏನೂ ಇಲ್ಲ.”

ನಿಜ. ಬಿಳಿ ತಾರಸಿಯಲ್ಲಿ ಎಣಿಸಲು ಏನಿದೆ?

ಸರಿ, ಗೋಡೆಗಾದರೂ ಗೆರೆ ಬರಲಿ ಎಂದು ನಾನೂ ಮಗನೂ ಹೊರಟೆವು. ಸೊಂಟದೆತ್ತರದ ತನಕ ಗೋಡೆಗೆ ಮರ ಹೊದಿಸುವುದು ಯುರೋಪಿನ ಚಳಿದೇಶಗಳಲ್ಲಿ ಹಳೆಯ ರೂಢಿ. ಅಲ್ಲಿ ಕಲ್ಲಿನ ಗೋಡೆಯ ತಂಡಿ ಮೈಗೆ ತಾಗದಿರಲಿ ಎಂದು ಹಲಗೆ ಹೊಡೆಯುತ್ತಿದ್ದರು. ಈಗ ಅದು ಅಲಂಕಾರವಾಗಿ ಎಲ್ಲ ಕಡೆ ಬಂದಿದೆ. ಪೇಟೆಯ ಒಂದು ಅಂಗಡಿಯಲ್ಲಿ ತೆಳುವಾದ, ಬಣ್ಣ ಕೊಟ್ಟ ಸಿದ್ಧ ಪಟ್ಟಿಗಳು ಸಿಕ್ಕಿದವು. ಮರದ ಹುಡಿಯನ್ನು ಅಂಟು ಹಾಕಿ ಒತ್ತಿ ಮಾಡಿದ್ದು. ಗೋಂದು ಹಚ್ಚಿ ಗೋಡೆಗೆ ಒತ್ತಿದರೆ ಆಯಿತು, ಮೊಳೆ ಬೇಡ, ಬಡಗಿ ಬೇಡ ಎಂದರು. ಒಂದು ಆದಿತ್ಯವಾರ ಕೆಲಸ ಮುಗಿಯಿತು. ನೋಡಲು ಚಂದವೇ ಇತ್ತು.

ಅದು ಆಟಿ ತಿಂಗಳು. ಆಟಿಯಲ್ಲಿ ಹಪ್ಪಳವೂ ಒಣಗುವುದಿಲ್ಲ ಎಂದು ಗೊತ್ತಿರುವ ನಾನು ಗೋಡೆ ಒಣಗಿದೆ ಎಂದು ಹೇಗೆ ನಂಬಿದೆನೋ! ಸೋಣ ಬರುವಾಗ ಪಟ್ಟಿಗಳ ಕೆಳಗಿನ ತುದಿ ನೀರು ಕುಡಿದ ಅವಲಕ್ಕಿಯ ಹಾಗೆ ಉಬ್ಬಿತು. ಹಿಂದೆ ಕಪ್ಪು ಬೂಸಲು. ಒಂದು ರಾತ್ರಿ ಎರಡು ಪಟ್ಟಿ ಗೋಡೆಯ ಬಣ್ಣವನ್ನೂ ಕಿತ್ತುಕೊಂಡು ದಡಾರನೆ ಮಂಚದ ಬದಿಗೆ ಬಿದ್ದವು. ಆ ಹೊತ್ತಿಗೆ ಮಗುವಿಗೆ ಅಲ್ಲಿ ಮಲಗುವ ಧೈರ್ಯ ಸ್ವಲ್ಪ ಬಂದಿತ್ತು. ಅದೂ ಹೋಯಿತು. ಮತ್ತೆ ಆರು ತಿಂಗಳು ಅವಳು ಆ ಕೋಣೆಗೆ ಹಗಲಿನಲ್ಲಿಯೂ ಒಬ್ಬಳೇ ಹೋಗಲಿಲ್ಲ.

ಈಗ ಯೋಚಿಸಿದರೆ ನಾವು ಮಾಡಿದ್ದು ಒಂದಲ್ಲ, ಮೂರು ತಪ್ಪು. ಹೊಸ ಗಾರೆ ಪೂರ್ತಿ ಆರಿರಲಿಲ್ಲ. ಆರಿಸಿದ ಗೋಡೆ ಪಡುವಣದ ಹೊರಗೋಡೆ. ನಮ್ಮ ಜಿಲ್ಲೆಗೆ ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ, ಅದರಲ್ಲಿ ದೊಡ್ಡ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ, ಪಡುಗಾಳಿಯ ಜೊತೆ ಓರೆಯಾಗಿ ಬೀಳುವುದು. ಮುರಕಲ್ಲು ತೂತುತೂತಿನ ಕಲ್ಲು; ಹೊರಗಿನ ಗಾರೆಯಲ್ಲಿ ಕೂದಲೆಳೆಯ ಬಿರುಕಿದ್ದರೆ ಸಾಕು, ನೀರು ಕುಡಿಯುತ್ತದೆ. ಮೂರನೆಯದು ಆ ಹುಡಿಹಲಗೆ. ಒಣ ಊರಿಗೆ ಅದು ಆದೀತು, ನಮ್ಮ ಮಳೆಗಾಲಕ್ಕೆ ಆಗದು. ನನ್ನ ಈ ಅಭಿಪ್ರಾಯಕ್ಕೆ ಅಂಗಡಿಯವರು ಒಪ್ಪಲಿಕ್ಕಿಲ್ಲ.

ನೀವು ಗೋಡೆ ಆರಿಸುವಾಗ ಒಂದು ಸಣ್ಣ ಪರೀಕ್ಷೆ ಮಾಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಬದಿ ಟೇಪು ಹಚ್ಚಿ ಮುಚ್ಚಿ. ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ ಆ ಗೋಡೆ ಇನ್ನೂ ಒದ್ದೆ. ಸಾಧ್ಯವಿದ್ದರೆ ಎರಡು ಕೋಣೆಗಳ ನಡುವಿನ ಒಳಗೋಡೆಯನ್ನೇ ಆರಿಸಿ. ಕೆಲಸ ಹಿಡಿಯುವುದು ಜನವರಿ ಕಳೆದು, ಮುಗಿಸುವುದು ಪತ್ತನಾಜೆಯ ಒಳಗೆ. ಆಟದ ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ಬಡಗಿಯೂ ಉಳಿ ಒರಸಿ ಇಡಬೇಕು.

ನಮ್ಮ ಎರಡನೆಯ ಸಲದ ಕೆಲಸ 2024ರ ಫೆಬ್ರವರಿಯಲ್ಲಿ ಆಯಿತು. ಚೆರ್ಕಳದ ಕಡೆಯಿಂದ ಒಬ್ಬ ಹಿರಿಯ ಆಚಾರಿ ಬಂದರು. ಮಲಯಾಳ ಅವರ ಮಾತು. ಕನ್ನಡ ಅರ್ಥವಾಗುತ್ತದೆ, ಆಡುವುದು ಕಡಿಮೆ. ಅವರು ಕೋಣೆಗೆ ಹೋಗುವ ಮೊದಲು ಕೊಟ್ಟಿಗೆಗೆ ಹೋದರು. ಅಲ್ಲಿ ಹಳೆ ಮನೆಯ ಮರ ಅಟ್ಟಿ ಇಟ್ಟಿದ್ದೆವು. ಒಂದು ರೀಪನ್ನು ಎಳೆದು, ಉಗುರಿನಲ್ಲಿ ಕೆರೆದು, ಮೂಗಿಗೆ ಹಿಡಿದು, “ಟೀಚರೇ, ಹೆಬ್ಬಲಸು. ಇದನ್ನು ಇಟ್ಟುಕೊಂಡು ಪೇಟೆಗೆ ಯಾಕೆ ಹೋದಿರಿ?” ಎಂದರು. ನನಗೆ ನಾಚಿಕೆಯಾಯಿತು.

ಹೆಬ್ಬಲಸು, ಮಲಯಾಳದ ಆಞ್ಞಿಲಿ, ಹಲಸಿನ ಜಾತಿಗೇ ಸೇರಿದ ಕಾಡುಮರ. ಹಲಸು ಕೂಡ ಈ ಕೆಲಸಕ್ಕೆ ಒಳ್ಳೆಯದೇ. ಹಳದಿ ಬಣ್ಣ ವರ್ಷ ಕಳೆದಂತೆ ಜೇನಿನ ಬಣ್ಣವಾಗುತ್ತದೆ. ಮರದ ಗೆಯ್ಮೆ ನಮ್ಮ ನಾಡಿಗೆ ಹೊಸದಲ್ಲ. ಕುಂಬಳೆಯ ಹತ್ತಿರದ ಅನಂತಪುರ ಕೆರೆ ದೇವಸ್ಥಾನಕ್ಕೆ ಹೋದವರು ಮಂಟಪದ ಒಳಗೆ ನಿಂತು ತಲೆ ಎತ್ತಿ ನೋಡಿ. ದಶಾವತಾರದ ಕತೆಗಳು ಅಲ್ಲಿ ಮರದಲ್ಲಿವೆ. ಹೆಚ್ಚಿನವರು ಕೆರೆಯನ್ನಷ್ಟೇ ನೋಡಿ ಬರುತ್ತಾರೆ.

ಹಳೆ ಮರವಿಲ್ಲದವರು ರಬ್ಬರ್ ಮರ ಕೊಳ್ಳಬಹುದು, ಅಗ್ಗವೂ ಹೌದು. ಆದರೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದಲ್ಲಿ ಸಂಸ್ಕರಿಸಿದ್ದೇ ಎಂದು ಕೇಳಿ ತೆಗೆದುಕೊಳ್ಳಿ. ಸಂಸ್ಕರಿಸದ ರಬ್ಬರ್ ಮರಕ್ಕೆ ಕೊರೆಹುಳ ಬಹಳ ಬೇಗ ಬೀಳುತ್ತದೆ. ಅಡಿಕೆ ಸಲಾಕೆ ಮಾತ್ರ ಮಕ್ಕಳ ಕೋಣೆಗೆ ಬೇಡವೇ ಬೇಡ. ಅದರ ಸಿಬಿರು ಕೈಗೆ ಹೊಕ್ಕರೆ ಎಷ್ಟು ನೋವು ಎಂದು ತೋಟದವರಿಗೆ ನಾನು ಹೇಳಬೇಕಾಗಿಲ್ಲ.

ಇನ್ನು ಮುಖ್ಯವಾದ ಒಂದು ಮಾತು. ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಹಳೆ ಮನೆಯ ಮರ ಎಂದರೆ ಎರಡು ಬಗೆ. ಬಣ್ಣ ಕಾಣದ ಮರ ಒಂದು, ಬಣ್ಣ ಬಳಿದ ಮರ ಇನ್ನೊಂದು. ಮಾಡಿನ ರೀಪು, ಪಕ್ಕಾಸುಗಳಿಗೆ ಸಾಮಾನ್ಯವಾಗಿ ಬಣ್ಣ ಹೊಡೆದಿರುವುದಿಲ್ಲ. ಬಚ್ಚಲ ಹೊಗೆ, ಒಲೆಯ ಹೊಗೆ ಕೂತು ಇಲ್ಲಣ ಹಿಡಿದಿರುತ್ತದೆ ಅಷ್ಟೆ. ಆದರೆ ಕಿಟಿಕಿಯ ದಾರಂದ, ಬಾಗಿಲು, ತೊಟ್ಟಿಲುಗಳಿಗೆ ಹಸಿರೋ ನೀಲಿಯೋ ಎನಾಮಲ್ ಬಣ್ಣ ಪದರ ಪದರವಾಗಿ ಇರುತ್ತದೆ. ಹಿಂದಿನ ಎನಾಮಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಬಣ್ಣ ಹೊಳೆಯಲಿ, ಬೇಗ ಒಣಗಲಿ ಎಂದು ಹಾಕುತ್ತಿದ್ದರು. ಆ ಬಣ್ಣವನ್ನು ಮರಳು ಕಾಗದದಲ್ಲಿ ತಿಕ್ಕಿದರೆ ಸೀಸ ಹುಡಿಯಾಗಿ ಗಾಳಿಗೆ ಬರುತ್ತದೆ, ನೆಲಕ್ಕೆ ಕೂರುತ್ತದೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗೆ ಹಾಕುತ್ತದೆ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕೆಡಿಸುತ್ತದೆ. ಇಷ್ಟು ಹೋದರೆ ಅಡ್ಡಿಯಿಲ್ಲ ಎನ್ನುವ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚು ಇರಬಾರದು ಎಂಬ ನಿಯಮ 2016ರಲ್ಲಿ ಬಂದು, 2017ರ ನವೆಂಬರ್ 1ರಿಂದ ಜಾರಿಯಾಯಿತು. ಅದಕ್ಕೆ ಮೊದಲು ಬಳಿದ ಬಣ್ಣದ ಲೆಕ್ಕ ನಿಮ್ಮಲ್ಲಿಯೂ ಇಲ್ಲ, ನನ್ನಲ್ಲಿಯೂ ಇಲ್ಲ.

ನಮ್ಮ ಮನೆಯ ಹಳೆ ಕಿಟಿಕಿಯ ದಾರಂದಗಳು ತೇಗದವು. ಅದನ್ನು ಕೆರೆದು ಉಪಯೋಗಿಸುವ ಎಂದು ಮಗನಿಗೆ ಬಹಳ ಆಸೆ. ಎರಡನೆಯ ಮಗು ಆಗ ತೆವಳುತ್ತಿದ್ದ, ಸಿಕ್ಕಿದ್ದನ್ನೆಲ್ಲ ನೆಕ್ಕುತ್ತಿದ್ದ. ಸೊಸೆ ಒಂದೇ ಮಾತು ಹೇಳಿದಳು: “ಅತ್ತೆ, ಆ ಬಣ್ಣದ ಮರ ಆ ಕೋಣೆಗೆ ಬಂದರೆ ಮಕ್ಕಳು ಅಲ್ಲಿಗೆ ಹೋಗುವುದು ಬೇಡ.” ಅವಳ ಮಾತೇ ನಡೆಯಿತು, ನಡೆದದ್ದು ಒಳ್ಳೆಯದಾಯಿತು. ಬಣ್ಣದ ಮರವನ್ನು ಬಚ್ಚಲ ಒಲೆಗೆ ಹಾಕಬಾರದು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸೀಸ ಸುಟ್ಟು ಹೋಗುವ ವಸ್ತುವಲ್ಲ, ಹೊಗೆಯಲ್ಲಿಯೂ ಬೂದಿಯಲ್ಲಿಯೂ ಉಳಿಯುತ್ತದೆ.

ಗೆದ್ದಲಿನ ಮದ್ದಿನ ವಿಚಾರವೂ ಹಾಗೆಯೇ. ಮರ ಎಂದ ಕೂಡಲೇ ಯಾರೋ ಒಬ್ಬರು ಡಬ್ಬಿ ಹಿಡಿದುಕೊಂಡು ಬಂದು ಹೊಡೆದುಬಿಡುವ ಎನ್ನುತ್ತಾರೆ. 1970ರ ದಶಕದ ಕೊನೆಯಿಂದ 2000ದ ತನಕ ನಮ್ಮ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಊರು ನಮ್ಮದು. ಎಣ್ಮಕಜೆಯ ಕಡೆಯ ಮನೆಗಳಲ್ಲಿ ಏನಾಯಿತು ಎಂದು ನಿಮಗೆ ಗೊತ್ತಿದೆ. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಮದ್ದು ಎಂಬ ಹೆಸರಿನಲ್ಲಿ ಬರುವುದನ್ನೆಲ್ಲ ಮಕ್ಕಳ ತಲೆದಿಂಬಿನ ಹತ್ತಿರ ತರುವ ಮೊದಲು ಎರಡು ಸಲ ಯೋಚಿಸುವ ಹಕ್ಕು ನಮಗಿಲ್ಲದೆ ಇನ್ನಾರಿಗೆ? ಹಿಂದೆ ಪಕ್ಕಾಸಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರು. ಮಾಡಿಗೆ ಅದು ಸರಿ. ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಆದ್ದರಿಂದ ಕೈಗೆಟಕುವ ಗೋಡೆಗೆ ಅದೂ ಬೇಡ. ಆಚಾರಿ ಹೇಳಿದ ಉಪಾಯ ಸರಳ. ಮರ ನೆಲಕ್ಕೆ ಮುಟ್ಟಬಾರದು. ನೆಲದ ಅಂಚಿನ ನಾಲ್ಕು ಇಂಚಿನ ಟೈಲ್ಸಿನ ಮೇಲಿನಿಂದ ಮರ ಸುರುವಾಗಬೇಕು. ಗೆದ್ದಲು ಬಂದರೂ ಟೈಲ್ಸಿನ ಮೇಲೆ ಮಣ್ಣಿನ ಗೆರೆ ಕಾಣುತ್ತದೆ. ಗುಡಿಸುವವರು ವಾರಕ್ಕೊಮ್ಮೆ ಆ ಕಡೆ ಕಣ್ಣು ಹಾಯಿಸಿದರೆ ಸಾಕು.

ಇನ್ನು ಕೆಲಸದ ಲೆಕ್ಕ. ನಮ್ಮ ಗೋಡೆ 10 ಅಡಿ ಅಗಲ, ಅಂದರೆ 120 ಇಂಚು. ನಾಲ್ಕು ಅಡಿ ಎತ್ತರಕ್ಕೆ ಮೇಲೊಂದು, ಕೆಳಗೊಂದು ಅಡ್ಡಪಟ್ಟಿ, ನಡುವೆ ಒಂಬತ್ತು ನೇರ ಪಟ್ಟಿ. ಕೀಸಿದ ಮೇಲೆ ರೀಪಿನ ಅಗಲ 2 ಇಂಚು, ದಪ್ಪ ಮುಕ್ಕಾಲು ಇಂಚು. ಆಚಾರಿ ಮಗುವನ್ನು ಕರೆದು, “ಮೋಳೇ, ಒಂಬತ್ತು ಪಟ್ಟಿ ಇಟ್ಟರೆ ನಡುವೆ ಎಷ್ಟು ಜಾಗ?” ಎಂದು ಕೇಳಿದರು. ಅವಳು ತಡಮಾಡದೆ ಒಂಬತ್ತು ಎಂದಳು. ನಾನೂ ಮನಸ್ಸಿನಲ್ಲಿ ಹಾಗೆಯೇ ಎಂದುಕೊಂಡಿದ್ದೆ ಎಂಬುದು ಇಲ್ಲಿಗೆ ಇರಲಿ. ಬೆರಳು ಬಿಡಿಸಿ ನೋಡಿ: ಐದು ಬೆರಳಿಗೆ ನಾಲ್ಕು ಸಂದು. ಒಂಬತ್ತು ಪಟ್ಟಿಗೆ ಎಂಟು ಜಾಗ. ಒಂಬತ್ತು ಪಟ್ಟಿಯ ಅಗಲ 18 ಇಂಚು ಕಳೆದರೆ 102 ಉಳಿಯಿತು. ಅದನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂ ಮುಕ್ಕಾಲು ಇಂಚು. ಅಷ್ಟಗಲದ ಒಂದು ತುಂಡು ಮರ ಕತ್ತರಿಸಿ ಅವಳ ಕೈಗೆ ಕೊಟ್ಟರು. ಒಂದು ಪಟ್ಟಿ ನಿಲ್ಲಿಸುವುದು, ಈ ತುಂಡನ್ನು ಬದಿಗೆ ಹಿಡಿಯುವುದು, ಮುಂದಿನ ಪಟ್ಟಿ ನಿಲ್ಲಿಸುವುದು. ಟೇಪು ಹಿಡಿದು ಎಂಟು ಸಲ ಅಳೆಯುವಾಗ ಬರುವ ತಪ್ಪು ಇದರಲ್ಲಿ ಬರುವುದಿಲ್ಲ. ನೇರ ಪಟ್ಟಿಗಳು 44 ಇಂಚಿನವು, ಒಂಬತ್ತಕ್ಕೆ 33 ಅಡಿ. ಅಡ್ಡಪಟ್ಟಿ ಎರಡಕ್ಕೆ 20 ಅಡಿ. ಒಟ್ಟು 53 ಅಡಿ. ಹಳೆ ಮರದಲ್ಲಿ ಒಡೆದದ್ದು, ತೂತಾದದ್ದು ಹೋಗುತ್ತದೆಂದು 65 ಅಡಿ ಆರಿಸಿಕೊಂಡೆವು.

ಕೀಸುವ ಮೊದಲು ಮೊಳೆ ಹುಡುಕಬೇಕು. ಐವತ್ತು ವರ್ಷದ ರೀಪಿನಲ್ಲಿ ತಲೆ ಮುರಿದ ಮೊಳೆ ಒಳಗೇ ಇರುತ್ತದೆ. ಕಣ್ಣಿಗೆ ಕಾಣದು, ಕೀಸುಳಿಯ ಬಾಯಿಗೆ ಮಾತ್ರ ಸಿಗುತ್ತದೆ. ನಮ್ಮ ಮನೆಯಲ್ಲಿ ಕೆಟ್ಟುಹೋದ ಒಂದು ಹಳೆ ರೇಡಿಯೋ ಇತ್ತು. ಅದರ ಸ್ಪೀಕರಿನ ಅಯಸ್ಕಾಂತವನ್ನು ಬಿಚ್ಚಿ ದಾರ ಕಟ್ಟಿ ಮಗುವಿಗೆ ಕೊಟ್ಟೆವು. ರೀಪಿನ ಉದ್ದಕ್ಕೂ ತೂಗಾಡಿಸುತ್ತಾ ಹೋಗಿ, ಎಳೆದಲ್ಲಿ ಸೀಮೆಸುಣ್ಣದ ಗುರುತು ಹಾಕುವುದು ಅವಳ ಕೆಲಸ. ಹನ್ನೊಂದು ಮೊಳೆ ಹಿಡಿದಳು. ರೇಡಿಯೋ ಕೆಟ್ಟ ಮೇಲೂ ಉಪಕಾರಕ್ಕೆ ಬಂತು ಎಂದು ಈ ರೇಡಿಯೋದಲ್ಲಿ ಹೇಳಲು ನನಗೆ ಸಂತೋಷ.

ಇಲ್ಲಣವನ್ನು ಅಂಗಳದಲ್ಲಿ ತೆಂಗಿನ ನಾರು ಮತ್ತು ನೀರು ಹಾಕಿ ತಿಕ್ಕಿ, ಹತ್ತು ದಿನ ಬಿಸಿಲಿಗೂ ಆಮೇಲೆ ನೆರಳಿಗೂ ಇಟ್ಟೆವು. ಮರ ಮಳೆಗಾಲದಲ್ಲಿ ಉಬ್ಬುವುದು ಅಗಲಕ್ಕೆ. ಉದ್ದಕ್ಕೆ ಉಬ್ಬುವುದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅಗಲ ಹಲಗೆಗಿಂತ ಕಿರಿದಾದ ರೀಪು ನಮ್ಮ ಹವೆಗೆ ಒಳ್ಳೆಯದು. ಎರಡು ಇಂಚಿನ ಪಟ್ಟಿ ಉಬ್ಬಿದರೂ ಎಷ್ಟು ಉಬ್ಬೀತು! ಆದರೂ ಮರದಲ್ಲಿ ಕೊರೆಯುವ ತೂತು ಸ್ಕ್ರೂವಿಗಿಂತ ಸ್ವಲ್ಪ ದೊಡ್ಡದಿರಲಿ. ಪಟ್ಟಿಯ ಹಿಂದೆ ಒಂದೊಂದು ತೆಳು ವಾಷರ್ ಇಟ್ಟು ಬಿಗಿದರೆ ಗೋಡೆಗೂ ಮರಕ್ಕೂ ನಡುವೆ ಗಾಳಿಯಾಡುತ್ತದೆ. ಅಲ್ಲಿ ಹಲ್ಲಿ ಸೇರುತ್ತದಲ್ಲ ಎಂದು ನಾನು ಕೇಳಿದೆ. “ಬೂಸಲಿಗಿಂತ ಹಲ್ಲಿ ವಾಸಿ ಟೀಚರೇ” ಎಂದರು.

ಗೋಡೆ ಕೊರೆಯುವ ಮೊದಲು ಮೈನ್ ಸ್ವಿಚ್ ಆರಿಸಿ, ವಯರಿನವರನ್ನು ಕೇಳಿ. ಸ್ವಿಚ್ಚಿನ ನೇರಕ್ಕೆ ಮೇಲೂ ಕೆಳಗೂ ಗೋಡೆಯ ಒಳಗೆ ವಯರು ಇರುತ್ತದೆ. ಅಲ್ಲಿ ಪಟ್ಟಿ ಬರುವುದಿದ್ದರೆ ಜಾಗ ಬದಲಿಸಬೇಕು. ಮುರಕಲ್ಲು ಬೇಗ ಹುಡಿಯಾಗುವ ಕಲ್ಲು. ಗಿಡ್ಡ ಸ್ಕ್ರೂ ಗಾರೆಯಲ್ಲಿಯೇ ನಿಂತು ಒಂದು ದಿನ ಕಳಚಿ ಬರುತ್ತದೆ. ಎರಡೂವರೆ ಇಂಚಿನ ಸ್ಕ್ರೂ, ಅದಕ್ಕೆ ತಕ್ಕ ಪ್ಲಗ್ ಇದ್ದರೆ ಮರ ಮತ್ತು ಗಾರೆ ದಾಟಿ ಒಂದೂ ಕಾಲು ಇಂಚು ಕಲ್ಲಿನೊಳಗೆ ಹೋಗುತ್ತದೆ. ತೂತು ಹುಡಿಯಾಗಿ ದೊಡ್ಡದಾದಲ್ಲಿ ಆಚಾರಿ ಗಟ್ಟಿಮರದ ಬೆಣೆ ಹೊಡೆದು ಅದಕ್ಕೆ ಸ್ಕ್ರೂ ಹಾಕಿದರು. ಸ್ಕ್ರೂವಿನ ತಲೆ ಮರದೊಳಗೆ ಹೂತಿರಬೇಕು, ಪಟ್ಟಿಯ ಅಂಚು ದುಂಡಗಿರಬೇಕು. ಓಡಿ ಬಂದು ಹಣೆ ಬಡಿದುಕೊಳ್ಳದ ಮಕ್ಕಳು ಯಾವ ಮನೆಯಲ್ಲಿದ್ದಾರೆ?

ಬಣ್ಣದ ವಿಚಾರ ಚುಟುಕಾಗಿ ಹೇಳುತ್ತೇನೆ. ಗೋಡೆಗೆ ಸಿಂಗಾರದ ಬಣ್ಣ, ಅಂದರೆ ಆಗ ತಾನೆ ಹಾಳೆ ಬಿಡಿಸಿದ ಅಡಿಕೆ ಹೂವಿನ ತಿಳಿಹಳದಿ. ಅದು ಮಗುವಿನ ಆಯ್ಕೆ. ಮರಕ್ಕೆ ನೀರಿನಲ್ಲಿ ಕಲಸುವ ಬಗೆಯ, ಡಬ್ಬಿಯ ಮೇಲೆ ಸೀಸವಿಲ್ಲ ಎಂದು ಬರೆದ ವಾರ್ನಿಷ್ ಎರಡು ಸಲ. ಅರಗಿನ ಫ್ರೆಂಚ್ ಪಾಲಿಶ್ ಹೆಚ್ಚು ಚಂದ. ಆದರೆ ಮಳೆಗಾಲದ ತೇವಕ್ಕೆ ಅದು ಬೆಳ್ಳಗೆ ಮಂಕಾಗುತ್ತದೆ. ಬಣ್ಣವಾದ ಮೇಲೆ ಹತ್ತು ದಿನ ಕಿಟಿಕಿ ತೆರೆದಿಟ್ಟೆವು, ಮಕ್ಕಳನ್ನು ಮಲಗಿಸಲಿಲ್ಲ.

ಮೇಲಿನ ಅಡ್ಡಪಟ್ಟಿಯ ಮೇಲೆ ಮೂರು ಇಂಚಿನ ಒಂದು ಸಪುರ ಹಲಗೆ, ಅದಕ್ಕೆ ಮುಂದೆ ಸಣ್ಣ ಅಂಚು. ಪುಸ್ತಕ ನಿಲ್ಲಿಸಲು. ಮಂಚದ ತಲೆಯ ಮೇಲೆ ಬರುವಲ್ಲಿ ಹಲಗೆ ಹಾಕಲಿಲ್ಲ, ಬಿದ್ದರೆ ಮುಖದ ಮೇಲೆ ಬೀಳುತ್ತದೆ. ಅವಳ ಶಾಲೆಯ ಪಾಠ ಮಲಯಾಳದಲ್ಲಿ, ಕನ್ನಡ ನಾನು ಮನೆಯಲ್ಲಿ ಕಲಿಸುವುದು. ಶಾಲೆಯ ಪುಸ್ತಕ ಒಂದು ಕಡೆ, ನನ್ನ ಪುಸ್ತಕ ಇನ್ನೊಂದು ಕಡೆ ಇಟ್ಟೆ. ಅವಳು ಎಲ್ಲ ಬೆರೆಸಿ ಎತ್ತರದ ಪ್ರಕಾರ ನಿಲ್ಲಿಸಿದ್ದಾಳೆ.

ಕೆಲಸ ಮುಗಿದ ರಾತ್ರಿ ಅವಳು ಅಲ್ಲಿ ಮಲಗಿದಳು. ನಾನು ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂತೆ. ಬದಿಗೆ ತಿರುಗಿ ಎಣಿಸಲು ಸುರುಮಾಡಿದಳು. ಒಂದು, ಎರಡು, ಮೂರು... ಒಂಬತ್ತಕ್ಕೆ ಮುಗಿದುಹೋಯಿತು, ನಿದ್ದೆ ಬರಲಿಲ್ಲ. ಎದ್ದು ಬರುತ್ತಾಳೆಂದು ನಾನು ಕಾದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೆಯ ಆ ತುದಿಯಿಂದ ಈಚೆಗೆ ಮಲಯಾಳದಲ್ಲಿ ಎಣಿಸುತ್ತಾ ಬಂದಳು. ಒಂಬದ್, ಎಟ್ಟ್, ಏಳ್, ಆರ್, ಅಂಜ್. ನಾಲ್ ಎಂದದ್ದು ನನಗೆ ಕೇಳಿಸಲಿಲ್ಲ.